ಹನ್ನೆರಡನೆಯ ಹಲಗೆ

ನೀಲಿ, ಬಟ್ಟೆಗೆ ಹಾಕುವ ನೀಲಿಗಿಂತ ಗಾಢ, ಕೈಗವಸಿನವನು ಬಕೆಟ್ಟಿನಿಂದ ಸುರಿಯುತ್ತಿದ್ದಾನೆ ಅವಳ ಚೀಸಿನ ಮೇಲೆ, ಯಾರೂ ಎತ್ತಿ ತಿನ್ನದಿರಲೆಂದು, ಗಡಿ ತಪಾಸಣೆಯ ಕಟ್ಟಡದ ಕಿಟಕಿಗೆ ಹಣೆ ಆನಿಸಿ ಮುದುಕಿ ನೋಡುತ್ತಾಳೆ, ಹದಿನಾರು ಹಲಗೆ, ತಟ್ಟೆಯಗಲದ ಎಳೆ ಚೀಸಿನ ಬಿಲ್ಲೆಗಳು, ಲಾರಿಯ ತೆರೆದ ಬಾಗಿಲಿನಿಂದ ಒಂದೊಂದೇ ಹಲಗೆ ಗುಂಡಿಗೆ ಹೋಗುತ್ತಿದೆ, ಒಳಗೆ ಹನ್ನೆರಡನೆಯದರಲ್ಲಿ ಒಂದು ಬಿಲ್ಲೆ ಅಂಚಿನ ಮೇಲೆ ನಿಂತಿದೆ, ಅದನ್ನು ನೋಡಬಾರದು — ಎಳೇದು ಕಣೇ, ದಿನಾ ಮಗುಚಬೇಕು, ಒಂದೇ ಮಗ್ಗುಲಲ್ಲಿ ಬಿಟ್ರೆ ಅಡಿ ಕೊಳೆಯುತ್ತೆ, ಗಂಡನ ತಾಯಿ ಹೇಳಿಕೊಟ್ಟ ಮೊದಲ ಮಾತು, ಆಮೇಲೆ ನಲವತ್ತು ವರ್ಷ ಲಾರಿಯ ಜೊತೆಗೇ ಗಡಿಗೆ ಬಂದಿದ್ದಾಳೆ, ಗೇಟಿನವನು ಮೂಗು ಮುಚ್ಚಿ ನಗುತ್ತಿದ್ದ, ಏನಮ್ಮಾ, ಊರಿನ ಕಾಲುಚೀಲನೆಲ್ಲ ತುಂಬ್ಕೊಂಡು ಬಂದ್ಯಾ, ಕೈ ಬೀಸುತ್ತಿದ್ದ, ಲಾರಿ ದಾಟುತ್ತಿತ್ತು, ಈ ವರ್ಷದಿಂದ ಹಾಲು ಮಾಂಸ ಮೊಟ್ಟೆ ಏನು ದಾಟಬೇಕಾದರೂ ಪಶುವೈದ್ಯರ ಸಹಿ, ಬಾಗಿಲಿಗೆ ನಂಬರಿನ ಸೀಲು, ಹಾಲಿಗಿಂತ ಹಾಲಿನ ಕಾಗದಾನೇ ಗಟ್ಟಿ ಆಯ್ತಲ್ಲ ದೊಡ್ಡಮ್ಮ, ಲಾರಿ ಓಡಿಸುವ ತಂಗಿಯ ಮಗ ನಕ್ಕಿದ್ದ, ವೈದ್ಯ ಕಪ್ಪು ಶಾಯಿಯಲ್ಲಿ ಸಹಿ ಹಾಕಿದ್ದ, ಅಚ್ಚೂ ಕಪ್ಪು ಸಹಿಯೂ ಕಪ್ಪು, ನಡೆಯಲ್ಲ, ಬೇರೆ ಬಣ್ಣದಲ್ಲಿ ಬರಲಿ ಅಂದರು ಗಡಿಯವರು, ಹಸುವಿಗೆ ಶಾಯಿಯ ಬಣ್ಣ ಗೊತ್ತೇ, ಮೂರು ದಿನ ಲಾರಿ ನಿಂತಿತು, ಆಚೆ ಕಡೆಯ ಅಂಗಡಿಯವನು ಫೋನಿನಲ್ಲಿ, ಇವತ್ತು ಸಂಜೆ ಒಳಗೆ ಬರದಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ, ಇರುವವನು ಅವನೊಬ್ಬ ಗಿರಾಕಿ, ಅವನು ಕೈಬಿಟ್ಟರೆ ಮಗಳು ಕೊಟ್ಟಿಗೆಗೂ ಚೀಸು ಮಾಗಿಸುವ ನೆಲಮಾಳಿಗೆಗೂ ಬೀಗ ಹಾಕಬೇಕು, ಅದೇ ಮಗಳು ಬೆಳಿಗ್ಗೆ ಫೋನಿನಲ್ಲಿ, ಅಮ್ಮ, ನೀನು ಏನನ್ನೂ ಮುಟ್ಬೇಡ, ಹೊಸ ಕಾಗದ ಹಿಡ್ಕೊಂಡು ಬರ್ತಿದ್ದೀನಿ, ಮುಟ್ಟಬೇಡವಂತೆ, ಈ ಕೈಗೆ.

ಮೂರು ದಿನ ಮಗುಚದೆ — ಗಂಡ ಹಾಸಿಗೆ ಹಿಡಿದಾಗ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳು, ಎರಡು ವರ್ಷ, ಡಾಕ್ಟರು ಬೆನ್ನು ನೋಡಿ, ಒಂದು ಹುಣ್ಣಿಲ್ಲ ತಾಯಿ, ಕನ್ನಡಿ ಇದ್ದಂಗಿದೆ, ಲಾರಿಯ ಬಾಗಿಲಿಗೆ ಕಿವಿ ಇಟ್ಟರೆ ಒಳಗೆ ಬಿಲ್ಲೆಗಳು ನರಳಿದ ಹಾಗೆ, ತಂಗಿಯ ಮಗ ಚಹಾಕ್ಕೆ ಹೋಗಿದ್ದ, ಅವನ ಇಕ್ಕಳ ಸೀಟಿನ ಕೆಳಗಿತ್ತು, ಸೀಲು ಅಂದರೆ ಏನು, ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಅದು ಕಳ್ಳರಿಗೆ, ತಾನೇನು ಕಳ್ಳಿಯೇ, ಕಟ್ ಅಂದಿತು, ಒಳಗೆ ಹತ್ತಿದಳು, ಕೆಳಮಗ್ಗುಲು ಆಗಲೇ ಒದ್ದೆ, ಬಂದೆ ಕಣ್ರೋ ಬಂದೆ ಅನ್ನುತ್ತ ಹನ್ನೊಂದು ಹಲಗೆ ಮಗುಚಿದಳು, ಹನ್ನೆರಡನೆಯದರ ಮೊದಲ ಬಿಲ್ಲೆ ಕೈಯಲ್ಲಿ, ಬಾಗಿಲಲ್ಲಿ ತಪಾಸಣೆಯವನು, ಅಜ್ಜೀ, ಏನ್ಮಾಡ್ತಿದ್ದೀರಾ, ಸೀಲ್ ಕಿತ್ತಿದ್ಯಾರು, ಮಗುಚ್ತಿದ್ದೀನಿ ಕಣಪ್ಪ, ಐದೇ ಹಲಗೆ ಬಾಕಿ, ತಡಿ, ಅವನು ಒಳ್ಳೆಯವನೇ, ಟೋಪಿ ತೆಗೆದು ತಲೆ ಕೆರೆದುಕೊಂಡ, ಸೀಲ್ ಹೋದ ಮೇಲೆ ಒಳಗೆ ಏನು ಬೇಕಾದ್ರೂ ಸೇರಿರಬಹುದಲ್ಲ ಅಜ್ಜಿ, ಏನು ಸೇರುತ್ತಪ್ಪ, ನನ್ನ ಕೈ ತಾನೆ, ಅದೇ ಅಜ್ಜಿ, ನಿಮ್ಮ ಕೈಯೇ, ಇನ್ನು ಇದನ್ನ ಬಿಡೋ ಹಂಗಿಲ್ಲ, ಹಾಳು ಮಾಡ್ಬೇಕು, ಆ ಬಿಲ್ಲೆಯನ್ನು ಹಾಗೇ ಪಕ್ಕದ್ದಕ್ಕೆ ಒರಗಿಸಿ ಇಳಿದಳು, ಅರ್ಧ ಗಂಟೆಗೆ ಮಗಳು ಬಂದಳು, ಕೈಯಲ್ಲಿ ಕಾಗದ, ಸಹಿ ನೀಲಿ, ಚೆಂದದ ನೀಲಿ, ಬೈದಿದ್ದರೆ ಆಗುತ್ತಿತ್ತು, ಬೈಯಲಿಲ್ಲ, ಈಗ ಪಕ್ಕದಲ್ಲೇ ನಿಂತು ಕಾಗದವನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತಿದ್ದಾಳೆ, ಎಷ್ಟು ಮಗುಚಿದ್ದೆ ಅಮ್ಮ, ಹನ್ನೊಂದು, ಹೂಂ, ಹನ್ನೊಂದನೆಯದೂ ಗುಂಡಿಗೆ ಬಿತ್ತು, ಕೈಗವಸಿನವರು ಮತ್ತೆ ಲಾರಿಯೊಳಗೆ ಬಾಗುತ್ತಾರೆ, ಎತ್ತಬೇಡ್ರೋ, ಮೊದಲು ಅದನ್ನು ಮಲಗಿಸಿ, ಯಾವ ಮಗ್ಗುಲಿಗಾದರೂ ಸರಿ, ಗಾಜಿನ ಮೇಲೆ ಅವಳ ಅಂಗೈ ತಾನಾಗಿ ತಿರುಗುತ್ತದೆ, ಅಂಚಿನ ಮೇಲೆ, ಈ ಮಗ್ಗುಲೂ ಅಲ್ಲ, ಆ ಮಗ್ಗುಲೂ ಅಲ್ಲ, ಒಂದು ಬಿಲ್ಲೆ, ಅಂಚಿನ ಮೇಲೆ