ಚೆಂಡಿನ ಕಪಾಟಿನ ಬೀಗ

ಟೈಲರ್ ಮಾಸ್ಟರಿಗೆ ನಟನೆಯ ಗೀಳು ಅಂಟಿದ್ದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಹೊತ್ತಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಅವರು ಟಿ.ವಿ. ಸ್ಟುಡಿಯೋದ ಹಿಂದುಗಡೆಯ ಉದ್ದ ಕೋಣೆಯಲ್ಲಿ ಕೂತು, ರಾಜನಿಗೂ ಕಳ್ಳನಿಗೂ ಒಂದೇ ಮಿಷಿನ್ನಿನಲ್ಲಿ ಬಟ್ಟೆ ಹೊಲಿದುಕೊಂಡು ತಣ್ಣಗೆ ಇದ್ದರು. ಕ್ಯಾಮೆರಾದ ಮುಂದೆ ಹೋಗುವ ಆಸೆ ಅವರಿಗೆ ಕನಸಿನಲ್ಲೂ ಬಂದಿರಲಿಲ್ಲ.

ಆ ವರ್ಷ ಸ್ಟುಡಿಯೋದಲ್ಲಿ ಒಂದು ನಗೆ ಧಾರಾವಾಹಿ ಶುರುವಾಗಿತ್ತು. ನೀರು ಸರಬರಾಜು ಕಚೇರಿಯ ಹೆಂಗಸರ ವಾಲಿಬಾಲ್ ತಂಡದ ಕತೆ. ಹನ್ನೊಂದು ವರ್ಷದಿಂದ ಒಂದು ಪಂದ್ಯವನ್ನೂ ಗೆಲ್ಲದ ತಂಡ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುವ ಕೋಚ್. ನೆಟ್ಟಿನ ಕೆಳಗೆ ಬಗ್ಗದೆ ಓಡಾಡುವಷ್ಟು ಕುಳ್ಳಗಿನ ಒಬ್ಬ ಆಟಗಾರ್ತಿ. ಇವಳನ್ನು ತಂಡದವರೆಲ್ಲ ಪ್ರೀತಿಯಿಂದ ಕುಳ್ಳಿ ಎಂದೇ ಕರೆಯುತ್ತಿದ್ದರು. ಮೊದಲ ದಿನದ ಶೂಟಿಂಗಿಗೆ, ಸಾಮಾನು ಕಾಯುವವನ ಪಾತ್ರ ಮಾಡಬೇಕಿದ್ದ ನಟ ದವಡೆ ಊದಿಸಿಕೊಂಡು ಮನೆಯಲ್ಲೇ ಮಲಗಿಬಿಟ್ಟ. ನಿರ್ದೇಶಕ ತಲೆ ಕೆಟ್ಟು ಅತ್ತಿಂದಿತ್ತ ಓಡಾಡುತ್ತಿದ್ದ. ಒಂದು ಮೂಲೆಯಲ್ಲಿ ಮಾಸ್ಟರು ಕುಳ್ಳಿಯ ಹೊಸ ಜೆರ್ಸಿಯ ತೋಳಿಗೆ ಸೂಜಿ ಚುಚ್ಚುತ್ತಿದ್ದರು. ಅವಳು ಮೈ ಬಿಸಿ ಮಾಡಿಕೊಳ್ಳಲೆಂದು ಕುಣಿಯತೊಡಗಿದಳು. ಮಾಸ್ಟರು ಸೂಜಿ ಉಗಿದು ಕೂಗಿದರು:

"ಏ, ಹೊಸ ಬಟ್ಟೆ ಕಣಮ್ಮ! ಬೆವರ್ಬೇಡ!"

ಲೈಟಿನವರಿಂದ ಹಿಡಿದು ಟೀ ಕೊಡುವವನ ತನಕ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿರ್ದೇಶಕ ನಿಂತಲ್ಲೇ ತಿರುಗಿದ. "ಮಾಸ್ಟರ್, ಇದನ್ನೇ ಚೆಂಡಿನ ಬಗ್ಗೆ ಹೇಳಿ ನೋಡೋಣ."

ಹಾಗೆ ಹುಟ್ಟಿದ್ದು ಆ ಪಾತ್ರ. ಹೊಸ ಚೆಂಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಆಡಿದರೆ ಸವೆಯುತ್ತವೆ, 'ಹೊಸದು! ಮುಟ್ಟಬೇಡಿ!' ಎಂದು ಯಾರಿಗೂ ಕೊಡದ ಮನುಷ್ಯ. ತಂಡದವರು ಅವನಿಗಿಟ್ಟ ಹೆಸರೇ 'ಬೀಗ'. ಒಂದು ದಿನದ ಪಾತ್ರ ಪ್ರತಿ ವಾರದ್ದಾಯಿತು. ಮಾಸ್ಟರು ಸುಮ್ಮನಿರದೆ ಬೀದಿಯ ಈ ತುದಿಯಿಂದ ಆ ತುದಿಯ ತನಕ, ಬೀಗ ಅಂದರೆ ನಾನೇ ಎಂದು ತಾವೇ ಡಂಗುರ ಸಾರಿಕೊಂಡು ಬಂದರು.

ಎಡವಟ್ಟಾದದ್ದು ಆಮೇಲೆ. ನಗೆ ಧಾರಾವಾಹಿಗೂ ಒಬ್ಬ ದುಷ್ಟ ಬೇಕು ಎಂದು ಚಾನೆಲ್ಲಿನವರ ಕಿವಿಯಲ್ಲಿ ಯಾರೋ ಊದಿದರು. ಕತೆ ಬರೆಯುವ ಹುಡುಗಿ, ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಬರುವಷ್ಟು ಅವಸರದವಳು, ಬೀಗನ ನಾಲಿಗೆಗೆ ಸಾಣೆ ಹಿಡಿದಳು. ಬೀಗ ಈಗ ಆಟಗಾರ್ತಿಯರ ಮೇಲೆ ಚಾಡಿ ಹೇಳತೊಡಗಿದ. ಕೋಚಿನ ಊಟದ ಡಬ್ಬಿ ಖಾಲಿ ಮಾಡಿದ. ಕುಳ್ಳಿ ಸೋತು ಅಳುತ್ತಾ ಕೂತಾಗ ಹತ್ತಿರ ಬಂದು, "ನಿನಗ್ಯಾಕಮ್ಮ ವಾಲಿಬಾಲು? ಗೋಲಿ ಆಡು, ಎತ್ತರ ಸರಿಹೋಗುತ್ತೆ" ಎಂದ.

ಆ ಕಂತು ಪ್ರಸಾರವಾದ ಮಾರನೆಯ ಬೆಳಿಗ್ಗೆ ಮಾಸ್ಟರು ತರಕಾರಿ ಅಂಗಡಿಗೆ ಹೋದರು. "ಒಂದು ಕಿಲೋ ಟೊಮೆಟೊ ಕೊಡಮ್ಮ."

"ಟೊಮೆಟೊ ಇಲ್ಲ," ಎಂದಳು ತರಕಾರಿಯವಳು.

ಅವಳ ಮುಂದೆಯೇ ಗುಡ್ಡದಂತೆ ರಾಶಿ ಬಿದ್ದಿತ್ತು. "ಇದೆಯಲ್ಲಮ್ಮ, ಕಣ್ಣೆದುರಿಗೇ?"

"ಇದೆ. ಬೀಗ ಹಾಕಿದೆ."

ಅಂಗಡಿಯಲ್ಲಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು. ಮಾಸ್ಟರು ಇಂಗು ತಿಂದ ಮಂಗನ ಹಾಗೆ ಖಾಲಿ ಚೀಲ ಹಿಡಿದು ಮನೆಗೆ ಬಂದರು.

ಮನೆಯಲ್ಲಿ ಇನ್ನೊಂದು ಪಜೀತಿ ಕಾದಿತ್ತು. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಲ್ಲಿಯೇ ಎಕ್ಸ್‌ರೇ ವಿಭಾಗದ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಭಾನುವಾರ ಹುಡುಗನೂ ಅವನ ತಾಯಿಯೂ ಮಾತುಕತೆಗೆ ಬರುವವರಿದ್ದರು.

"ಅಪ್ಪಾ, ಒಂದು ವಿಷಯ," ಎಂದಳು ಮಗಳು. "ಅವರಮ್ಮ ಅಂಚೆ ಕಚೇರೀಲಿ ಕೌಂಟರ್ ನೋಡ್ಕೊಳ್ತಾರೆ. ನಿಮ್ಮ ಧಾರಾವಾಹಿ ಒಂದು ವಾರಾನೂ ಬಿಟ್ಟಿಲ್ಲ. ಆದ್ರೆ ನಿಮ್ಮನ್ನ ಕಂಡ್ರೆ ಅವರಿಗೆ ಮೈಯೆಲ್ಲ ಉರಿಯುತ್ತಂತೆ."

"ನನ್ನನ್ನಾ, ಬೀಗನನ್ನಾ?"

"ನೀವು ಅವರಿಗೆ ಇನ್ನೂ ಗೊತ್ತೇ ಇಲ್ವಲ್ಲ. ಟಿ.ವಿ.ಲಿ ಟೋಪಿ, ಕನ್ನಡಕ ಇರುತ್ತೆ, ಮುಖ ಗುರುತು ಸಿಗಲ್ಲ. ದನಿ ಮಾತ್ರ ನಿಮ್ಮದೇ. ದಯವಿಟ್ಟು ಬಾಯಿ ಬಿಡಬೇಡಿ. ಪರಿಚಯ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಭಾನುವಾರ ಮಾಸ್ಟರು ಮೌನಮುನಿಯಾದರು. ಹುಡುಗನ ತಾಯಿ ನೆಟ್ಟಗೆ ಕೂತು ನೇರ ಮಾತಾಡುವ ಹೆಂಗಸು. ಪ್ರಯಾಣ ಹೇಗಿತ್ತು ಎಂದು ಮಾಸ್ಟರ ಹೆಂಡತಿ ಕೇಳಿದರು. ಹವೆ, ಬಸ್ಸು, ಮಂಡಿನೋವು ಎಲ್ಲ ಮುಗಿಯಿತು. ಮಾಸ್ಟರು ಪ್ರತಿಯೊಂದಕ್ಕೂ ತಲೆ ಆಡಿಸಿದರು. "ನಿಮ್ಮ ಯಜಮಾನರು ಮಾತು ಕಮ್ಮಿ ಅನ್ಸುತ್ತೆ, ಒಳ್ಳೇದೇ," ಎಂದರು ಬಂದಾಕೆ. ಹೆಂಡತಿ ನಗು ತಡೆಯಲಾಗದೆ ಅಡುಗೆಮನೆಗೆ ಹೋಗಿ ಕಾಫಿ ತಂದರು.

ಬಂದವರು ಕೂತಿದ್ದ ಸೋಫಾಕ್ಕೆ ಹೊಸ ಕವರು ಹಾಕಿ ಎರಡೇ ದಿನವಾಗಿತ್ತು. ತಿಳಿ ಕೆನೆ ಬಣ್ಣದ ಬಟ್ಟೆ. ಮಾಸ್ಟರು ತಾವೇ ಕೂತು ಹೊಲಿದದ್ದು. ಹುಡುಗನ ತಾಯಿ ತುಂಬಿದ ಲೋಟವನ್ನು ಮೆಲ್ಲಗೆ ಸೋಫಾದ ತೋಳಿನ ಮೇಲೆ ಇಡಹೋದರು. ಮಾಸ್ಟರ ಪ್ರಾಣ ಬಾಯಿಗೆ ಬಂತು. ಪ್ರಾಣದ ಜೊತೆ ಮಾತೂ ಬಂತು.

"ಹೊಸದು! ಹೊಸದು! ಮುಟ್ಟಬೇಡಿ!"

ಲೋಟ ಗಾಳಿಯಲ್ಲೇ ನಿಂತಿತು. ಹುಡುಗನ ತಾಯಿ ನಿಧಾನಕ್ಕೆ ತಲೆ ಎತ್ತಿ ಮಾಸ್ಟರ ಮುಖ ನೋಡಿದರು. ಮನಸ್ಸಿನಲ್ಲೇ ಅವರಿಗೊಂದು ಟೋಪಿ ತೊಡಿಸಿದರು, ಕನ್ನಡಕ ಇಟ್ಟರು.

"ನೀವು... ಬೀಗ!"

"ಇನ್ನೂ ಆಗಿಲ್ಲ," ಎಂದುಬಿಟ್ಟರು ಮಾಸ್ಟರ ಹೆಂಡತಿ ಗಾಬರಿಯಲ್ಲಿ. "ಮಾತುಕತೆ ನಡೀತಾ ಇದೆ."

ಹುಡುಗ ಕಾಫಿ ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹುಡುಗನ ತಾಯಿ ಮಾತ್ರ ನಗಲಿಲ್ಲ. ಲೋಟವನ್ನು ನೆಲದ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡರು.

"ನೋಡಿ, ನೀವು ಮನುಷ್ಯರು ಒಳ್ಳೆಯವರೇ ಇರಬಹುದು. ಆದ್ರೆ ಕೇಳಿ. ಬೆಳಿಗ್ಗೆಯಿಂದ ಸಂಜೆ ತನಕ ನಾನು ಜನರ ಮುಖ ನೋಡಿರ್ತೀನಿ. ಅರ್ಧ ಗಂಟೆ ನಗೋಣ ಅಂತ ಟಿ.ವಿ. ಮುಂದೆ ಕೂತ್ಕೋತೀನಿ. ಆ ಹುಡುಗೀರು ಬೀಳ್ತಾರೆ, ಏಳ್ತಾರೆ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀನಿ. ಅಷ್ಟರಲ್ಲಿ ನೀವು ಬರ್ತೀರಿ. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ. ಕಲ್ಲು ಉಗಿದರೆ ಮುಗೀತಾ? ಮುಂದಿನ ಪ್ರತಿ ತುತ್ತಲ್ಲೂ ನಾಲಿಗೆ ಕಲ್ಲನ್ನೇ ಹುಡುಕುತ್ತೆ. ನೀವು ಹೋದ ಮೇಲೆ ಆ ಕೋಚು ಮೂತಿ ಅಡಿಯಾಗಿ ಬಿದ್ದರೂ ನಂಗೆ ನಗು ಬರಲ್ಲ."

ಹೋಗುವಾಗ ಬಾಗಿಲಲ್ಲಿ ನಿಂತು, "ಯೋಚನೆ ಮಾಡಿ ಹೇಳ್ತೀನಿ" ಎಂದರು.

ಮಾಸ್ಟರಿಗೆ ಆ ವಾರವಿಡೀ ಹೊಲಿಗೆ ಡೊಂಕಾಯಿತು. ಒಂದು ಪ್ಯಾಂಟಿಗೆ ಜೇಬನ್ನು ಒಳಗುಮುಖವಾಗಿ ಹೊಲಿದರು. ಕೊನೆಗೆ ಕತೆ ಬರೆಯುವ ಹುಡುಗಿಯ ಕೋಣೆಗೆ ಹೋದರು. ಅವಳ ಮೇಜಿನ ಮೇಲೆ ನೋಡುಗರ ಪತ್ರಗಳ ಎರಡು ಕಟ್ಟು ಇದ್ದವು.

"ಇದು ಕುಳ್ಳಿಗೆ ಬಂದದ್ದು," ಎಂದಳು ಸಣ್ಣ ಕಟ್ಟು ತೋರಿಸಿ. ದೊಡ್ಡ ಕಟ್ಟು ಯಾರದೆಂದು ಕೇಳುವ ಧೈರ್ಯ ಮಾಸ್ಟರಿಗೆ ಬರಲಿಲ್ಲ. "ನೀವು ಬಂದ ಕೂಡಲೇ ಚಾನೆಲ್ ಬದಲಾಯಿಸ್ತಾರಂತೆ. ಕೆಲವರು ವಾಪಸ್ ಬರೋದೇ ಮರೀತಾರಂತೆ. ಪಾತ್ರ ತೆಗೆದುಬಿಡಿ ಅಂತಿದ್ದಾರೆ ಮೇಲಿನವರು."

ತೆಗೆದುಬಿಡುತ್ತಾರೆ ಎಂದಾಗ ಮಾಸ್ಟರಿಗೆ ಪಾತ್ರ ಬಿಡಲೂ ಮನಸ್ಸಾಗಲಿಲ್ಲ. ಬಿಸಿ ತುಪ್ಪದ ಕತೆ; ನುಂಗುವಂತಿಲ್ಲ, ಉಗುಳುವಂತಿಲ್ಲ. "ತೆಗೀಬೇಡಮ್ಮ," ಎಂದರು. "ಒಳ್ಳೆಯವನನ್ನಾಗಿ ಮಾಡಿಬಿಡು. ನಿನ್ನ ಕೈಯಲ್ಲೇ ಇದೆಯಲ್ಲ, ಒಂದು ಪೆನ್ನಿನ ಗೀಟು."

ಅವಳು ಪೆನ್ನಿನ ಮುಚ್ಚಳ ಕಚ್ಚಿ ಯೋಚಿಸಿದಳು. ಮುಂದಿನ ಕಂತಿನಲ್ಲಿ ಬೀಗನಿಗೆ ಬುದ್ಧಿ ಬಂತು. ಕಪಾಟು ತೆರೆದು ಎಲ್ಲರಿಗೂ ಒಂದೊಂದು ಹೊಸ ಚೆಂಡು ಕೊಟ್ಟ. ಕುಳ್ಳಿಯ ಕಣ್ಣೊರೆಸಿದ. ಬಾಳೆಹಣ್ಣು ಹಂಚಿದ. ಅದರ ಮುಂದಿನ ಕಂತಿನಲ್ಲಿ ಮತ್ತೆ ಬಾಳೆಹಣ್ಣು ಹಂಚಿದ.

ಹುಡುಗನ ತಾಯಿಯಿಂದ ಫೋನು ಬಂತು: "ಸರಿ, ಸಂಬಂಧ ಆಗ್ಲಿ." ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಸ್ಟುಡಿಯೋದಲ್ಲಿ ಮಾತ್ರ ಸೂತಕದ ಕಳೆ. ಇಷ್ಟು ದಿನ ಕಪಾಟಿನಿಂದ ಚೆಂಡು ಕದಿಯಲು ತಂಡದವರು ಹೂಡುತ್ತಿದ್ದ ಹೂಟಗಳೇ ಧಾರಾವಾಹಿಯ ಜೀವಾಳವಾಗಿದ್ದವು. ಕೇಳಿದ ಕೂಡಲೇ ಚೆಂಡು ಸಿಕ್ಕಮೇಲೆ ಅವರಿಗೆ ಆಡುವುದೊಂದೇ ಕೆಲಸ ಉಳಿಯಿತು, ಅದು ಅವರಿಗೆ ಬರುತ್ತಿರಲಿಲ್ಲ. ಕ್ಯಾಮೆರಾದವನು ಶಾಟಿನ ನಡುವೆಯೇ ಆಕಳಿಸಿದ. ಕುಳ್ಳಿಯ ಪಾತ್ರ ಮಾಡುವ ಹುಡುಗಿ ಮಾಸ್ಟರನ್ನು ಪಕ್ಕಕ್ಕೆ ಕರೆದಳು.

"ಮಾಸ್ಟರ್, ನೀವು ಬೈತಿದ್ದಾಗ ನಂಗೆ ಅಳೋಕೆ ಸುಲಭ ಇತ್ತು. ಈಗ ನೀವು ಕಣ್ಣೊರೆಸೋಕೆ ಬಂದ್ರೆ ನಗು ಬರುತ್ತೆ. ನಗಬೇಕಾದ ಕಡೆ ನಿದ್ದೆ ಬರುತ್ತೆ."

ತರಕಾರಿಯವಳು ಟೊಮೆಟೊ ತೂಗಿ ಕೊಡುತ್ತಾ, "ಏನ್ ಮಾಸ್ಟರೇ, ಮೈಯಲ್ಲಿ ಹುಷಾರಿಲ್ವಾ? ಟಿ.ವಿ.ಲಿ ತುಂಬಾ ಸಪ್ಪಗೆ ಕಾಣ್ತೀರಿ" ಎಂದಳು. ಟೊಮೆಟೊ ಸಿಕ್ಕಿದರೂ ಮಾಸ್ಟರಿಗೆ ಖುಷಿಯಾಗಲಿಲ್ಲ.

ಮೂರನೇ ವಾರ ಹುಡುಗನ ಕೋಟಿನ ಅಳತೆಗೆಂದು ತಾಯಿ ಮಗ ಇಬ್ಬರೂ ಬಂದರು. ಮಾಸ್ಟರು ಟೇಪು ಕೊರಳಿಗೆ ಹಾಕಿಕೊಂಡು ಭುಜದ ಅಳತೆ ತೆಗೆಯುತ್ತಿದ್ದರು. ಬೀಗಿತ್ತಿ ಕುರ್ಚಿಯಲ್ಲಿ ಕೂತು ಎರಡು ಸಲ ಗಂಟಲು ಸರಿ ಮಾಡಿಕೊಂಡರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ನೀವು ಒಳ್ಳೆಯವರಾದ ಮೇಲೆ ಧಾರಾವಾಹಿ ನೋಡೋಕೇ ಆಗ್ತಿಲ್ಲ."

ಮಾಸ್ಟರ ಕೈಯಿಂದ ಸೀಮೆಸುಣ್ಣ ಕೆಳಗೆ ಬಿತ್ತು. "ಅಲ್ರೀ, ಕೆಟ್ಟವನಾದ್ರೆ ಕಲ್ಲು ಅಂತೀರಿ, ಒಳ್ಳೆಯವನಾದ್ರೆ ಸಪ್ಪೆ ಅಂತೀರಿ. ನಾನು ಎಲ್ಲಿಗೆ ಹೋಗಿ ಸಾಯಲಿ?"

"ಅಯ್ಯೋ, ಬಿಡ್ತು ಅನ್ನಿ!" ಎಂದರು ಬೀಗಿತ್ತಿ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ಮ ಆಫೀಸಲ್ಲಿ ಒಬ್ಬರು ಹೆಡ್ ಕ್ಲರ್ಕು ಇದ್ದರು, ಹೆಡ್ಡು ಅಂತಲೇ ಕರೀತಿದ್ವಿ. ತಾರೀಖಿನ ಸೀಲು ಅವರ ಡ್ರಾಯರಲ್ಲಿ ಭದ್ರ. ಕೇಳಿದ್ರೆ ಸಾಕು, ಆಸ್ತಿ ಬರ್ಕೊಡಿ ಅಂದ ಹಾಗೆ ಮುಖ ಮಾಡೋರು. ಕೌಂಟರ್ ಮುಂದೆ ಜನ ಸಾಲು ನಿಂತಿದ್ರೂ ಸರಿ, ಕಾಗದ ಗುಡ್ಡೆ ಆಗೋ ತನಕ ಸೀಲು ಕೊಡ್ತಿರಲಿಲ್ಲ. ನಾನು ಬೈದಿರೋ ಬೈಗುಳಕ್ಕೆ ಲೆಕ್ಕ ಇಲ್ಲ. ಆದ್ರೆ ಸಂಜೆ ಅವರು ಆ ಸೀಲು ಒರೆಸೋದು ನೋಡ್ಬೇಕಿತ್ತು. ಹಳೇ ಬನಿಯನ್ ತುಂಡಲ್ಲಿ, ಒಂದೊಂದೇ ಅಂಕಿ, ಮಗುವಿನ ಕಿವಿ ಒರೆಸಿದ ಹಾಗೆ. ಅದನ್ನ ನೋಡಿದ ದಿನ ಬೈಗುಳ ಗಂಟಲಲ್ಲೇ ನಿಂತುಬಿಡ್ತಿತ್ತು. ಮಾರನೇ ದಿನ ಮತ್ತೆ ಬೈತಿದ್ದೆ ಅನ್ನಿ. ಬೈಯೋ ಹಾಗೇ ಇದ್ದರು."

"ಆಮೇಲೆ?" ಎಂದರು ಮಾಸ್ಟರು.

"ಆಮೇಲೇನು, ನಿವೃತ್ತಿ ಆದರು. ಹೊಸಬರು ಬಂದ ವಾರಕ್ಕೇ ಸೀಲು ಕಳೆದುಹೋಯ್ತು."

ಮಾಸ್ಟರು ಟೇಪನ್ನು ಹುಡುಗನ ಭುಜದ ಮೇಲೆಯೇ ಬಿಟ್ಟು ನಿಂತುಬಿಟ್ಟರು. "ಮಾವ, ಅಳತೆ?" ಎಂದು ಹುಡುಗ ನೆನಪಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಬರೆಯುವ ಹುಡುಗಿ ಬಾಗಿಲು ತೆಗೆಯುವ ಮುಂಚೆಯೇ ಮಾಸ್ಟರು ಅಲ್ಲಿ ನಿಂತಿದ್ದರು. "ಕಪಾಟಿಗೆ ಮತ್ತೆ ಬೀಗ ಹಾಕಮ್ಮ. ಆದ್ರೆ ಆ ಗೋಲಿ ಮಾತು, ಚಾಡಿ ಮಾತು ಬೇಡ. ಇವನಿಗೆ ಯಾರ ಮೇಲೂ ದ್ವೇಷ ಇಲ್ಲ. ಚೆಂಡಿನ ಮೇಲೆ ಪ್ರೀತಿ, ಅಷ್ಟೇ. ಅದೇ ಎಲ್ಲರಿಗೂ ತೊಂದರೆ." ಅವಳು ನಿಂತಲ್ಲೇ ಅಂಗೈ ಮೇಲೆ ಬರೆದುಕೊಂಡಳು.

ಆ ದೃಶ್ಯದ ಶೂಟಿಂಗ್ ದಿನ ಮಾಸ್ಟರು ಮನೆಯಿಂದ ತಮ್ಮದೇ ಒಂದು ಹಳೆಯ ಬನಿಯನ್ ತಂದರು. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕೂತು, ಒಂದೊಂದೇ ಚೆಂಡು ತೊಡೆಯ ಮೇಲಿಟ್ಟು ಒರೆಸಿದರು. ಹೊಲಿಗೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಯಾರು ಹೊಲಿದರೋ, ಎಂಥ ನೇರ ಹೊಲಿಗೆ ಎಂದು ಅವರಿಗೆ ನಿಜಕ್ಕೂ ಅನಿಸಿತು. ಗಾಳಿ ತುಂಬುವ ಸಣ್ಣ ತೂತಿನ ಸುತ್ತ ಬಟ್ಟೆಯ ತುದಿ ಹುರಿ ಮಾಡಿ ಧೂಳು ತೆಗೆದರು. ಅಷ್ಟರಲ್ಲಿ ಕುಳ್ಳಿ ಹಿಂದಿನಿಂದ ತೆವಳಿಕೊಂಡು ಬಂದು ಒಂದು ಚೆಂಡಿಗೆ ಕೈ ಹಾಕಿದಳು. ಮಾಸ್ಟರು ತಟ್ಟನೆ ಅದನ್ನು ಎದೆಗೆ ಅವುಚಿಕೊಂಡರು. ಅವಳು ಎಳೆದಳು, ಇವರು ಎಳೆದರು. ಕೊನೆಗೆ ಕೈ ಸೋತು ಬಿಡುವಾಗ, "ಈಗಷ್ಟೇ ಒರೆಸಿದ್ದು ಕಣೆ... ಮೆಲ್ಲಗೆ ಹೊಡಿ" ಎಂದರು. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಕೋಚಿನ ಪಾತ್ರದವನು ಮೂಗಿನಲ್ಲಿ ಗೊರಕೆಯಂಥ ನಗು ಬಿಟ್ಟ. ಸೆಟ್ಟಿಗೆ ಸೆಟ್ಟೇ ಹೋ ಎಂದಿತು.

ಪ್ರಸಾರವಾದ ಸಂಜೆ, ಕಂತಿನ ಕೊನೆಯ ಹೆಸರುಗಳು ಓಡಿ ಮುಗಿಯುವ ಮೊದಲೇ ಫೋನು ಕಿರುಚಿತು. "ಅದು ನಮ್ಮ ಹೆಡ್ಡು!" ಎಂದು ಬೀಗಿತ್ತಿಯ ದನಿ. "ನಂಗೆ ನಿಮಗೆ ಎರಡು ಬಾರಿಸ್ಬೇಕು ಅನ್ನಿಸ್ತು. ಬಾರಿಸಿದ ಮೇಲೆ ಕೂರಿಸಿ ಕಾಫಿ ಕೊಡ್ಬೇಕು ಅಂತಾನೂ ಅನ್ನಿಸ್ತು. ಇಡೀ ಅರ್ಧ ಗಂಟೆ ನಕ್ಕಿದ್ದೀನಿ, ನೀವಿದ್ದಾಗಲೂ!"

ಪತ್ರಗಳು ಕಡಿಮೆಯಾಗಲಿಲ್ಲ. "ಬೈಗುಳ ಹಾಗೇ ಇದೆ ಮಾಸ್ಟರ್," ಎಂದಳು ಬರೆಯುವ ಹುಡುಗಿ, "ಆದ್ರೆ ಈಗ ಕೊನೇ ತನಕ ನೋಡಿ ಬೈತಾರೆ." ಪಾತ್ರ ತೆಗೆಯುವ ಮಾತನ್ನು ಮೇಲಿನವರು ಮತ್ತೆ ಎತ್ತಲಿಲ್ಲ.

ನೋಂದಣಿ ಕಚೇರಿಯಲ್ಲಿ ಮದುವೆ ಚೊಕ್ಕವಾಗಿ ಮುಗಿಯಿತು. ಕೋಟು ಹುಡುಗನಿಗೆ ಅಚ್ಚುಕಟ್ಟಾಗಿ ಕೂತಿತ್ತು. ತಿಂಗಳು ಕಳೆದ ಮೇಲೆ ಶೂಟಿಂಗ್ ನೋಡಬೇಕೆಂದು ಬೀಗಿತ್ತಿ ಸ್ಟುಡಿಯೋಕ್ಕೆ ಬಂದರು. ಆ ದಿನ ಪಂದ್ಯದ ದೃಶ್ಯ. ಪ್ರೇಕ್ಷಕರ ಮೆಟ್ಟಿಲಲ್ಲಿ ಕೂತು ಬೀಗನಿಗೆ ಬೈಯಲು ನಿರ್ದೇಶಕನಿಗೆ ಒಬ್ಬ ಹೆಂಗಸು ಬೇಕಿತ್ತು. "ಅಮ್ಮಾ, ನಿಮಗೆ ಬೈಯೋಕೆ ಬರುತ್ತಾ?" ಎಂದು ಕೇಳಿದ. ಬೀಗಿತ್ತಿ ಉತ್ತರ ಕೊಡದೆ ಮೆಟ್ಟಿಲು ಹತ್ತಿದರು.

ಮೊದಲ ಟೇಕಿನಲ್ಲಿ ಅವರು ಬೈದ ವೇಗಕ್ಕೆ ಮೈಕು ಹಿಡಿದವನು ಎರಡು ಹೆಜ್ಜೆ ಹಿಂದೆ ಸರಿದ. ಎರಡನೆಯದಕ್ಕೆ ಬೇರೆಯೇ ಬೈಗುಳ ಬಂತು, ಮೂರನೆಯದಕ್ಕೆ ಇನ್ನೂ ಬೇರೆ. ನಾಲ್ಕನೇ ಟೇಕು ಬೇಕಾಗಿರಲೇ ಇಲ್ಲ. ಕೇಳುವ ಆಸೆಗೆ ನಿರ್ದೇಶಕ ತೆಗೆಸಿದ. ಅಂಕಣದ ಅಂಚಿನಲ್ಲಿ ಚೆಂಡು ಅವುಚಿಕೊಂಡು ನಿಂತ ಮಾಸ್ಟರು ಬಹಳ ದಿನದ ಮೇಲೆ ಮನಸಾರೆ ಬೈಸಿಕೊಂಡರು.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಹೆಂಡತಿ ಮುಖ ಊದಿಸಿಕೊಂಡರು. "ಅವರನ್ನೇ ಯಾಕೆ ಕೂರಿಸಿದ್ರಿ? ನಿಮಗೆ ಬೈಯೋಕೆ ಅಂದ್ರೆ ನನ್ನನ್ನ ಕರೀಬಾರದಿತ್ತಾ?"

ಮಾಸ್ಟರು ಮರುದಿನ ನಿರ್ದೇಶಕನ ಹತ್ತಿರ ಹೋಗಿ, ಮುಂದಿನ ಪಂದ್ಯಕ್ಕೆ ಬೈಯಲು ನಮ್ಮ ಮನೆಯಲ್ಲೇ ಇನ್ನೊಬ್ಬರಿದ್ದಾರೆ ಎಂದರು.