ನೊರೆಹಾಲು

ನಮ್ಮತ್ತೆ ಹಸು ಸೀನಿದರೂ ಕಷಾಯ ಕಾಸುವವರು, ನನಗೆ ಜ್ವರ ಬಂದರೆ ಎದ್ದು ಓಡಾಡು ಹೋಗತ್ತೆ ಅನ್ನುವವರು. ಆದರೆ ಗಂಡನ ಸಂಬಳ ಬಾಡಿಗೆಗೇ ಸರಿಹೋಗಿ, ಅಡುಗೆಮನೆ ನಡೀತಿದ್ದದ್ದು ಆ ಕೆಂಪು ಹಸುವಿನಿಂದ. ಹಾಲು ಕೊಡೋ ಹಸು ಒದ್ದರೂ ಚೆನ್ನ ಅಂತಾರಲ್ಲ, ಅತ್ತೆಯ ಮಾತನ್ನೂ ನಾನು ಅದೇ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ದನಗಳಲ್ಲಿ ಕ್ಷಯ ಹಬ್ಬಿದೆ ಅಂತ ದನದ ಡಾಕ್ಟರು ಬಂದು, ಹಸುವಿನ ಕುತ್ತಿಗೆಯ ಕೂದಲು ಬೋಳಿಸಿ ಸೂಜಿ ಚುಚ್ಚಿ ಹೋದರು. ಮೂರು ದಿನ ಬಿಟ್ಟು ಬಂದು ಅಳೀತೀನಿ, ಚುಚ್ಚಿದ ಕಡೆ ಊದಿದ್ದರೆ ರೋಗ ಇದೆ ಅಂತ ಅರ್ಥ, ಆಮೇಲೆ ಹಸು ಇಲ್ಲಿರೋ ಹಾಗಿಲ್ಲ ಅಂದರು. ಮಾರನೇ ದಿನವೇ ಊದಿತು. ಅತ್ತೆ ಪಕ್ಕದ ಮನೆಯಿಂದ ಐಸ್ ತಂದು, ಬಟ್ಟೆಯಲ್ಲಿ ಸುತ್ತಿ ಹೊತ್ತುಹೊತ್ತಿಗೂ ಒತ್ತಿದರು. ಇದು ಮೋಸ ಅಲ್ವಾ ಅತ್ತೆ ಅಂದೆ. ನಿನ್ನ ಹೊಟ್ಟೆ ತುಂಬಿಸೋದು ಸತ್ಯ ಅಲ್ಲ ಕಣೇ, ಈ ಹಸು ಅಂತ ಬಾಯಿ ಮುಚ್ಚಿಸಿದರು.

ಡಾಕ್ಟರು ಬಂದು ಚರ್ಮ ಹಿಡಿದು ಅಳೆದರು. ಯಾಕೋ ಮತ್ತೊಮ್ಮೆ ಅಳೆದರು. ಕೊನೆಗೆ ಪರವಾಗಿಲ್ಲ ಅಂದಾಗ ಅತ್ತೆಗೆ ಹೋದ ಜೀವ ಬಂದ ಹಾಗಾಯಿತು. ನನಗೂ ಅಷ್ಟೇ, ಸುಳ್ಳು ಯಾಕೆ.

ಟೀ ಕುಡೀತಾ ಡಾಕ್ಟರು, ಸದ್ಯ ಬಚಾವಾದಿರಿ, ಇಲ್ಲದಿದ್ರೆ ಮನೆಯವರನ್ನೆಲ್ಲ ಆಸ್ಪತ್ರೆಗೆ ಕಳಿಸಬೇಕಿತ್ತು, ಕಾಯಿಸದ ಹಾಲಿನಿಂದ ಮನುಷ್ಯರಿಗೂ ಬರುತ್ತೆ ಅಂದರು.

"ಮಕ್ಕಳಿಗಾದ್ರೆ ಕತ್ತಿನಲ್ಲಿ ಗಂಟು ಬರಬಹುದು. ನೋವಿರಲ್ಲ, ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲ್ಲ."

ಐದು ವರ್ಷದ ಮಗಳಿಗೆ ಜಡೆ ಹಾಕುವಾಗ ಕಿವಿಯ ಕೆಳಗೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಬೆಳೆಯೋ ಮಕ್ಕಳಿಗೆ ಇದ್ದದ್ದೇ, ಶಕ್ತಿ ಬಂದರೆ ಕರಗತ್ತೆ ಅಂತ ಅತ್ತೆ ಅವಳ ಒಂದು ಲೋಟ ನೊರೆಹಾಲನ್ನು ಎರಡು ಮಾಡಿದ್ದರು. ಕೆಚ್ಚಲಿನಿಂದ ಕರೆದದ್ದು ಕರೆದ ಹಾಗೇ, ಒಲೆ ಮುಟ್ಟಿಸದೆ.

ಅತ್ತೆಯ ಕಡೆ ನೋಡಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಹೇಳಿದರೆ ಹಸು ಹೋಗುತ್ತೆ ಅಂತ ಇಬ್ಬರಿಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹಸುವಿನ ಹಗ್ಗ ಬಿಚ್ಚಿ ತಂದು ಡಾಕ್ಟರ ಕೈಗಿಟ್ಟರು.

"ಐಸ್ ಇಟ್ಟು ಇಳಿಸಿದ್ದೆ ಡಾಕ್ಟ್ರೇ. ಇದನ್ನ ಕರ್ಕೊಂಡು ಹೋಗಿ. ಮಗೂನ ಎಲ್ಲಿ ತೋರಿಸ್ಬೇಕು, ಅದನ್ನ ಹೇಳಿ."

ನಾನು ಒಳಗೋಡಿ ಮಗಳನ್ನು ಎತ್ತಿಕೊಂಡೆ. ಅತ್ತೆಯನ್ನು ಹಿಗ್ಗಾಮುಗ್ಗಾ ಬೈಯಬೇಕು ಅಂತ ಕೋಪ ಉಕ್ಕಿ ಬಂತು. ಬೇಡ ಬೇಡ ಅಂತ ಒದ್ದಾಡುತ್ತಿದ್ದ ಮಗುವಿನ ಮೂಗು ಹಿಡಿದು ಕುಡಿಸಿದವರು ಅವರೇ. ಆಗೆಲ್ಲ ಅದರ ಕೈ ಬಿಗಿಯಾಗಿ ಹಿಡಿದುಕೊಂಡಿದ್ದವಳು ನಾನು.