ಓಗೊಡದೆ ಓಡಿದವನು

ಪುರವರದ ಆಚೆಗಿನ ಆ ಹಳ್ಳಿಯಲ್ಲಿ ಮುಸ್ಸಂಜೆಯಾದರೆ ಎದುರಿಗೆ ಬಂದವರನ್ನು ಕೂಗಿ ಮಾತಾಡಿಸುವುದು ವಾಡಿಕೆ. "ಯಾರ್ಲಾ ಅದು?" ಎಂದರೆ ಓಗೊಡಬೇಕು. ಓಗೊಡದೆ ಹೋದವನ ಮೇಲೆ ಅನುಮಾನ ಬರದೆ ಇರುತ್ತದೆಯೇ?

ಗಂಗಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಒಂದೊಂದು ಏಟೂ ರಂಗನಾಥನ ತಲೆಗೇ ಬೀಳಲಿ ಎಂಬಂತಿತ್ತು. ಹೋದ ವರ್ಷ ಅವಳ ಗಂಡ ಲಕ್ಷ್ಮೀಪತಿಯನ್ನು ತೋಪಿನಲ್ಲಿ ಯಾರೋ ಹೊಡೆದು ಕೊಂದಿದ್ದರು. ಅಲ್ಲಿಂದ ಅದೇ ಊರಿನ ರಂಗನಾಥ ಓಡಿಹೋಗಿದ್ದನ್ನು ಕಂಡೆ ಎಂದು ಪೊಲೀಸರಿಗೆ ಹೇಳಿದವನು ಅವಳ ಅಣ್ಣ ಗಂಗಹನುಮಯ್ಯ. ಕಂಡ ಸಾಕ್ಷಿ ಅವನೊಬ್ಬನೇ. ನಾಳೆ ಮಧುಗಿರಿ ಕೋರ್ಟಿನಲ್ಲಿ ಅದನ್ನೇ ಹೇಳಿದರೆ ರಂಗನಾಥನಿಗೆ ಜೀವಾವಧಿ ಗ್ಯಾರಂಟಿ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು.

ಪಕ್ಕದಲ್ಲೇ ಕೂತಿದ್ದ ಅಣ್ಣನಿಗೆ ಹೇಳಿದಳು: "ಅಣ್ಣಾ, ಕೋರ್ಟಲ್ಲಿ ತಡವರಿಸಬ್ಯಾಡ. ಧೈರ್ಯವಾಗಿ ಹೇಳ್ಬುಡು."

"ಹೂಂ ಕಣಮ್ಮ."

ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿದವನೊಬ್ಬ ಬೀದಿಯಲ್ಲಿ ಹಾದುಹೋದ. ಗಂಗಹನುಮಯ್ಯ ಕೂಗಿದ: "ಯಾರ್ಲಾ ಅದು, ಬಸವೇಶಾ?"

"ಬಸವೇಶ ಅಲ್ಲ ಕಣಣ್ಣೋ, ನಾನು ಪ್ರಸನ್ನ! ಕಣ್ಣಿಗೆ ಪೊರೆ ಬಂತಾ ಹೆಂಗೆ?"

ತಂಗಿ ನಕ್ಕಳು. ಗಂಗಹನುಮಯ್ಯನಿಗೆ ನಗು ಬರಲಿಲ್ಲ. ಭಾವ ಸತ್ತ ದಿನವೂ ಇಂಥದೇ ಹೊತ್ತು. ಓಡುತ್ತಿದ್ದವನ ಬೆನ್ನಿಗೆ "ಯಾರ್ಲಾ ಅದು, ರಂಗನಾ?" ಎಂದು ಕೂಗಿದ್ದ. ಉತ್ತರ ಬಂದಿರಲಿಲ್ಲ. ಆ ಬೆನ್ನಿಗೆ ರಂಗನ ಹೆಸರು ಇಟ್ಟವನು ತಾನೇ. ಹಿಂದಿನ ದಿನವಷ್ಟೇ ಬೋರ್‌ವೆಲ್ ನೀರಿಗಾಗಿ ಭಾವನೂ ರಂಗನಾಥನೂ ಕೈ ಕೈ ಮಿಲಾಯಿಸಿದ್ದರು. ಬೇರೆ ಯಾರ ಹೆಸರು ತಾನೆ ಬಾಯಿಗೆ ಬಂದೀತು? ಅಯ್ಯೋ ಶಿವನೇ!

"ಗಂಗಾ, ಅವತ್ತು ನಾನು ಮೊಕ ನೋಡ್ಲಿಲ್ಲ ಕಣಮ್ಮ."

ಅವಳು ಕುಟ್ಟುವುದನ್ನು ನಿಲ್ಲಿಸಿದಳು. "ಯಾರು ನಿನ್ನ ತಲೆ ಕೆಡಿಸಿದ್ರು? ಅವ್ನ ಕಡೆಯೋರಾ?"

"ಯಾರೂ ಇಲ್ಲ."

"ತಪ್ಪು ಮಾಡ್ದೇ ಇದ್ರೆ ಕೂಗ್ದಾಗ ಯಾಕೆ ಓಗೊಡ್ಲಿಲ್ಲ?"

"ಓಗೊಡ್ಲಿಲ್ಲ, ದಿಟ. ಓಡ್ದೋನು ರಂಗನೇ ಅಂತ ಹೆಂಗೆ ಹೇಳ್ಲಿ?"

"ಗಂಡನ್ನ ಕಳ್ಕಂಡೋಳು ನಾನು. ನಿಂಗೇನು, ಹೇಳ್ತೀಯಾ!"

ಮಾರನೆಯ ದಿನ ಕಟಕಟೆಯಲ್ಲಿ ಗಂಗಹನುಮಯ್ಯ ನ್ಯಾಯಾಧೀಶರ ಕಡೆಗೆ ತಿರುಗಿ ನಿಂತ. ತಂಗಿಯ ಕಡೆ ನೋಡುವ ಧೈರ್ಯವಾಗಲಿಲ್ಲ. "ಬೆನ್ನು ಕಂಡೆ ಸ್ವಾಮಿ. ಮೊಕ ಕಾಣ್ಲಿಲ್ಲ. ರಂಗ ಅಂತ ನಾನೇ ಅಂದ್ಕಂಡಿದ್ದು."

ಅವತ್ತಿನಿಂದ ತಂಗಿ ಮಾತು ಬಿಟ್ಟಳು. ಎಷ್ಟು ತಿಂದನೋ ಎಂದು ಊರು ಗುಸುಗುಸು ಮಾಡಿತು. ತೀರ್ಪಿನ ದಿನ ನ್ಯಾಯಾಧೀಶರು, ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕಾಗುತ್ತದೆ ಎಂದು ಹೇಳಿ ರಂಗನಾಥನನ್ನು ಬಿಡುಗಡೆ ಮಾಡಿದರು.

ಹೊರಗೆ ಬಂದ ರಂಗನಾಥ ಕಣ್ಣೀರಿಟ್ಟು ಕೈ ಮುಗಿದ. "ಅಣ್ಣಾ, ನನ್ನ ಉಳಿಸ್ದೆ."

"ಕೈ ಮುಗೀಬ್ಯಾಡ ಕಣ್ಲಾ. ನೀನು ಕೊಂದಿಲ್ಲ ಅಂತ ನಾನು ಹೇಳ್ಲಿಲ್ಲ. ನಂಗೆ ಗೊತ್ತಿಲ್ಲ ಅಂದೆ, ಅಷ್ಟೇ."

ಹಿಂದೆ ನಿಂತಿದ್ದ ಗಂಗಲಕ್ಷ್ಮಮ್ಮನಿಗೆ ಅದು ಕೇಳಿಸಿತು. ಬಸ್ ಸ್ಟ್ಯಾಂಡಿನವರೆಗೂ ಅವಳು ಅಣ್ಣನ ಹಿಂದೆಯೇ ನಡೆದಳು. ಪುರವರದ ಬಸ್ಸು ಹೊರಡುವುದರಲ್ಲಿತ್ತು. ಅಣ್ಣ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಅವನ ತೋಳು ಹಿಡಿದಳು.

"ಅಣ್ಣಾ, ಇವ್ನಲ್ಲ ಅಂದ್ರೆ, ಕೊಂದೋನು ನಮ್ಮನೆ ತಿಥಿ ಊಟಕ್ಕೂ ಬಂದು ಉಂಡಿರ್ಬೋದಲ್ವಾ?"

ಗಂಗಹನುಮಯ್ಯ ಕಾಲು ಹಿಂದಕ್ಕೆ ತೆಗೆದ. ಬಸ್ಸು ಹೋಯಿತು.

"ನಡಿ, ಪೊಲೀಸ್ ಸ್ಟೇಷನ್‌ಗೆ ಹೋಗಾನ," ಎಂದಳು. "ಮೊದ್ಲಿಂದ ಹುಡುಕ್ಲಿ."